ರಾತ್ರೋರಾತ್ರಿ ಬೆರಳು ಎಲ್ಲಿ ಹೋಯಿತು? ವೆಲ್ಲೂರಿನ ಒಂದು ಪ್ರಕರಣ

ಕುಷ್ಠ ಬಂದವರ ಬೆರಳು ಕೊಳೆತು ಉದುರಿ ಹೋಗುತ್ತದೆ ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದವರು. 1940ರ ದಶಕದಲ್ಲಿ ಎಷ್ಟೋ ಡಾಕ್ಟರುಗಳೂ ಹೀಗೇ ನಂಬಿದ್ದರು. ರೋಗ ಮಾಂಸವನ್ನು ಕೆಡಿಸುತ್ತದೆ, ಕೆಟ್ಟ ಮಾಂಸದ ಮೇಲಿನ ಗಾಯ ಮಾಯುವುದಿಲ್ಲ, ಕೊನೆಗೆ ಬೆರಳು ಬಿದ್ದುಹೋಗುತ್ತದೆ. ಇಷ್ಟೇ ವಿವರಣೆ. ಹಾಗಾದರೆ ಬೀಳುವಾಗ ನೋಡಿದವರು ಯಾರು? ಈ ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡ ಒಬ್ಬ ಸರ್ಜನ್ ವೆಲ್ಲೂರಿನಲ್ಲಿದ್ದರು.

ಲೋಕದ ನೋವಿನ ಎದುರು ಕ್ರೈಸ್ತ ನಂಬಿಕೆ ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಪ್ರಕರಣ. ನನ್ನ ಅಭಿಪ್ರಾಯ ಇಷ್ಟು. ಕರುಣೆ ಕಣ್ಣೀರಿನಲ್ಲಿ ಶುರುವಾದರೂ ಅಲ್ಲೇ ನಿಲ್ಲಬಾರದು. ನೋವು ಹೇಗೆ ಆಗುತ್ತಿದೆ ಅಂತ ಹತ್ತಿರ ಹೋಗಿ, ಕೂತು, ತಾಳ್ಮೆಯಿಂದ ನೋಡುವುದೂ ಕರುಣೆಯ ಕೆಲಸವೇ. ವೆಲ್ಲೂರಿನಲ್ಲಿ ನಡೆದದ್ದು ಇದೇ.

ಯಾರು, ಎಲ್ಲಿ

ಸರ್ಜನ್ ಹೆಸರು ಪಾಲ್ ಬ್ರ್ಯಾಂಡ್. ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಅಪ್ಪ ಜೆಸ್ಸಿ, ಅಮ್ಮ ಎವೆಲಿನ್. ಇಬ್ಬರೂ ಇಂಗ್ಲೆಂಡಿನಿಂದ ಬಂದ ಮಿಷನರಿಗಳು. ಮಲೆಯ ಜನಕ್ಕೆ ಔಷಧಿ ಕೊಡುವುದು, ಹಲ್ಲು ಕೀಳುವುದು, ಮನೆ ಕಟ್ಟುವುದು, ಶಾಲೆ ನಡೆಸುವುದು, ಎಲ್ಲ ಅವರೇ. ಒಮ್ಮೆ ಕುಷ್ಠ ಬಂದ ಕೆಲವರು ಆ ಮನೆಗೆ ಬಂದರಂತೆ. ಬೇರೆಯವರ ಗಾಯವನ್ನು ಬರಿಗೈಯಲ್ಲಿ ತೊಳೆಯುತ್ತಿದ್ದ ಅಪ್ಪ ಅವತ್ತು ಮಾತ್ರ ಕೈಗವಸು ಹಾಕಿಕೊಂಡರು. ಮಕ್ಕಳು ಹತ್ತಿರ ಹೋಗಬಾರದು ಅಂತ ಆಯಿತು. ಆ ದೃಶ್ಯ ಹುಡುಗನ ತಲೆಯಲ್ಲಿ ಉಳಿದುಬಿಟ್ಟಿತು.

ಒಂಬತ್ತನೇ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಕಳಿಸಿದರು. 1929ರಲ್ಲಿ ಅಪ್ಪ ಮಲೆಯಲ್ಲೇ ಜ್ವರ ಬಂದು ತೀರಿಕೊಂಡರು. ಅಮ್ಮ ಮಾತ್ರ ಬೆಟ್ಟಗಳನ್ನು ಬಿಡಲಿಲ್ಲ. ಮಿಷನ್ನಿನಿಂದ ನಿವೃತ್ತಿಯಾದ ಮೇಲೂ ತಾವಾಗಿಯೇ ಮತ್ತೆ ಮಲೆ ಹತ್ತಿ, 1974ರಲ್ಲಿ ಸಾಯುವವರೆಗೂ, ತೊಂಬತ್ತು ದಾಟಿದ ಮೇಲೂ, ಅಲ್ಲಿನ ಜನರ ನಡುವೆಯೇ ಓಡಾಡಿಕೊಂಡಿದ್ದರು. ಆ ತಾಯಿಯ ಬಗ್ಗೆಯೇ ಬೇರೆ ಬರೆಯಬೇಕು.

ಪಾಲ್ ಮೊದಲು ಕಲಿತದ್ದು ಡಾಕ್ಟರಿಕೆ ಅಲ್ಲ. ಅಪ್ಪನಂತೆ ಮಿಷನರಿಯಾಗಿ ಮನೆ ಕಟ್ಟಿಕೊಡಬೇಕು ಅಂತ ಕೆಲವು ವರ್ಷ ಮರಗೆಲಸ, ಗಾರೆ ಕೆಲಸ ಕಲಿತರು. ಆಮೇಲೆ ಲಂಡನ್ನಿನಲ್ಲಿ ವೈದ್ಯಕೀಯ ಓದಿದರು. ಎರಡನೇ ಮಹಾಯುದ್ಧದ ಬಾಂಬು ಬೀಳುತ್ತಿದ್ದ ದಿನಗಳು ಅವು, ಕತ್ತರಿಸಿದ ಕೈ ಕಾಲುಗಳ ಕೆಲಸಕ್ಕೆ ಕೊರತೆಯೇ ಇರಲಿಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಬೆಂಗಳೂರಿನಿಂದ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ಇವತ್ತಿಗೂ ನಮ್ಮ ಜನ ಹೋಗುವ ಅದೇ ಆಸ್ಪತ್ರೆ, 1900ರಲ್ಲಿ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಶುರುಮಾಡಿದ್ದು.

ಚೆಂಗಲ್ಪಟ್ಟಿನಲ್ಲಿ ಒಂದು ಕೈಕುಲುಕು

ಚೆಂಗಲ್ಪಟ್ಟಿನಲ್ಲಿ ಒಂದು ದೊಡ್ಡ ಕುಷ್ಠರೋಗ ಆಸ್ಪತ್ರೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ರಾಬರ್ಟ್ ಕಾಕ್ರೇನ್, ಚರ್ಮದ ಕಾಯಿಲೆಗಳ ದೊಡ್ಡ ತಜ್ಞರು. ಡ್ಯಾಪ್ಸೋನ್ ಗುಂಪಿನ ಹೊಸ ಔಷಧಿಗಳನ್ನು ಅವರು ಅಲ್ಲಿ ಬಳಸಿ ನೋಡುತ್ತಿದ್ದರು. ಔಷಧಿಯಿಂದ ರೋಗಾಣು ಸಾಯುತ್ತಿತ್ತು. ಕೈ ಕಾಲು ಮಾತ್ರ ಸೊಟ್ಟಗೇ ಉಳಿಯುತ್ತಿತ್ತು. ಬ್ರ್ಯಾಂಡ್ ಒಮ್ಮೆ ಅಲ್ಲಿಗೆ ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಓಡಾಡುತ್ತಿದ್ದ ರೋಗಿಗಳ ಕೈಗಳನ್ನೇ ನೋಡುತ್ತಾ ನಿಂತರು. ಮೂಳೆ ಸರ್ಜನ್ ಅಲ್ವಾ, ಕೈ ಕಂಡರೆ ಕಣ್ಣು ಅಲ್ಲೇ ಹೋಗುತ್ತದೆ. ಇವರ ಕೈ ಹೀಗೇಕೆ ಆಗಿದೆ ಅಂತ ಕೇಳಿದರು. ಕಾಕ್ರೇನ್‌ಗೆ ಸಿಟ್ಟೇ ಬಂತು. ನೀವು ಮೂಳೆಯ ಡಾಕ್ಟರು, ಅದನ್ನು ಹೇಳಬೇಕಾದವರು ನೀವು, ಪೋಲಿಯೋದಿಂದ ಅಂಗವಿಕಲರಾದವರಿಗಿಂತ ಜಾಸ್ತಿ ಜನ ಇದರಿಂದ ಆಗಿದ್ದಾರೆ, ನಿಮ್ಮ ಪೈಕಿ ಒಬ್ಬರೂ ಇತ್ತ ತಿರುಗಿ ನೋಡಿಲ್ಲ ಎಂಬ ಅರ್ಥದಲ್ಲಿ ಜಾಡಿಸಿದರು.

ಬ್ರ್ಯಾಂಡ್ ಒಬ್ಬ ರೋಗಿಯ ಕೈ ಹಿಡಿದರು. ಬೆರಳೆಲ್ಲ ಒಳಕ್ಕೆ ಮಡಿಚಿಕೊಂಡು ಹಕ್ಕಿಯ ಉಗುರಿನಂತಾಗಿದ್ದ ಕೈ. ನನ್ನ ಕೈಯನ್ನು ಗಟ್ಟಿಯಾಗಿ ಹಿಂಡಿ ಅಂದರು. ಬಲ ಇರುವುದಿಲ್ಲ ಅಂದುಕೊಂಡಿದ್ದರು. ಆ ಮನುಷ್ಯ ಹಿಂಡಿದ ರಭಸಕ್ಕೆ ಇವರೇ ನೋವಿನಿಂದ ಕಿರುಚಿದರು.

ಅಲ್ಲೇ ಹೊಳೆಯಿತು. ಸತ್ತ ಕೈಯಲ್ಲಿ ಇಷ್ಟು ಬಲ ಇರಲು ಸಾಧ್ಯವೇ ಇಲ್ಲ. ಅಂದರೆ ಎಲ್ಲ ಸ್ನಾಯುಗಳೂ ಹೋಗಿಲ್ಲ. ಕೆಲವು ಹೋಗಿವೆ, ಕೆಲವು ಚೆನ್ನಾಗಿಯೇ ಇವೆ. ಇನ್ನೂ ಮುಖ್ಯವಾದ ವಿಷಯ ಏನೆಂದರೆ, ತಾನು ಎದುರಿನವರಿಗೆ ನೋವು ಮಾಡುತ್ತಿದ್ದೇನೆ ಅಂತ ಆ ಮನುಷ್ಯನಿಗೆ ಗೊತ್ತೇ ಆಗುತ್ತಿರಲಿಲ್ಲ. ಅವನ ಕೈಗೆ ಏನೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಘಟನೆಯನ್ನೂ ಬ್ರ್ಯಾಂಡ್ ಅವರೇ ಹೇಳಿಕೊಂಡಿದ್ದಾರೆ. ಒಬ್ಬ ರೋಗಿಯ ಹೆಗಲ ಮೇಲೆ ಕೈಯಿಟ್ಟು, ಚಿಕಿತ್ಸೆ ಹೇಗೆ ಮಾಡುತ್ತೇವೆ ಅಂತ ದುಭಾಷಿಯ ಮೂಲಕ ವಿವರಿಸುತ್ತಿದ್ದರು. ಆತ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದ. ನಾನೇನಾದರೂ ತಪ್ಪು ಮಾತಾಡಿದೆನಾ ಅಂತ ಇವರು ಗಾಬರಿಯಾಗಿ ದುಭಾಷಿಯನ್ನು ಕೇಳಿದರೆ, ಇಲ್ಲ ಡಾಕ್ಟರೇ, ನೀವು ಮುಟ್ಟಿದಿರಿ, ವರ್ಷಗಳಿಂದ ಅವನನ್ನು ಯಾರೂ ಮುಟ್ಟಿರಲಿಲ್ಲ, ಅದಕ್ಕೇ ಅಳುತ್ತಿದ್ದಾನೆ ಅಂದರಂತೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧ ಮಾಡಬಲ್ಲೆ ಅನ್ನುತ್ತಾನೆ. ಯೇಸು ಕನಿಕರಪಟ್ಟು ಕೈ ಚಾಚಿ ಅವನನ್ನು ಮುಟ್ಟುತ್ತಾನೆ. ಮಾತಿನಿಂದಲೇ ವಾಸಿ ಮಾಡಬಹುದಿತ್ತಲ್ಲ, ಬೇರೆ ಕಡೆ ಹಾಗೆ ಮಾಡಿಯೂ ಇದ್ದಾನೆ. ಇಲ್ಲಿ ಮೊದಲು ಮುಟ್ಟಿದ, ವಾಸಿಯಾದದ್ದು ಆಮೇಲೆ. ಯಾಜಕಕಾಂಡದ 13ನೇ ಅಧ್ಯಾಯದ ಪ್ರಕಾರ ಅಂಥವನು ಪಾಳೆಯದ ಹೊರಗೆ ಒಂಟಿಯಾಗಿರಬೇಕು, ಬಟ್ಟೆ ಹರಿದುಕೊಂಡು, ನಾನು ಅಶುದ್ಧ ಅಂತ ತಾನೇ ಕೂಗಬೇಕು. ಆ ನಿಯಮ ಓದಿಕೊಂಡೇ ಬೆಳೆದವನು ಕೈ ಚಾಚಿದ. ಪ್ರತಿ ಸಲ ಓದುವಾಗಲೂ ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅದಕ್ಕೆ ಮುಂಚಿನ ಕರುಣೆ

ಬ್ರ್ಯಾಂಡ್ ಬರುವ ಮೊದಲು ಕ್ರೈಸ್ತರು ಏನೂ ಮಾಡಿರಲಿಲ್ಲ ಅಂದರೆ ತಪ್ಪಾಗುತ್ತದೆ. ನಮ್ಮ ಮಂಗಳೂರಿನ ಕಂಕನಾಡಿಯಲ್ಲೇ ನೋಡಿ. ಫಾದರ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠ ಬಂದವರಿಗೆ ಆಸರೆ ಕಟ್ಟಿದರು. ಊರು ಹೊರಗೆ ಹಾಕಿದವರಿಗೆ ಸೂರು, ಊಟ, ಗಾಯಕ್ಕೆ ಪಟ್ಟಿ, ಸತ್ತಾಗ ಮಣ್ಣು. ಇಷ್ಟನ್ನಾದರೂ ಮಾಡುವವರು ಆಗ ಬಹಳ ಕಡಿಮೆ ಇದ್ದರು. ಆ ಸೇವೆಯನ್ನು ನಾನು ಕಡೆಗಣಿಸಲಾರೆ.

ಆದರೂ ಒಂದು ವಿಷಯ ಹೇಳಲೇಬೇಕು. ಅಷ್ಟೆಲ್ಲ ಪ್ರೀತಿ ಇದ್ದ ಕಡೆಯಲ್ಲೂ ಬೆರಳು ಹೋಗುವುದನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ರೋಗದ ಸ್ವಭಾವವೇ ಹಾಗೆ. ದೇವರ ಚಿತ್ತ. ಪೂರ್ವಜನ್ಮದ ಕರ್ಮ. ಪಾಪದ ಫಲ. ಯಾವ ಧರ್ಮದವರ ಬಾಯಲ್ಲಿ ಯಾವ ಉತ್ತರ ಬಂದರೂ ಪರಿಣಾಮ ಒಂದೇ, ಆಮೇಲೆ ಯಾರೂ ಇನ್ನೇನೂ ಕೇಳುತ್ತಿರಲಿಲ್ಲ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಮಾಡಿದ್ದೂ ಇದನ್ನೇ ಅಲ್ವಾ? ಹುಟ್ಟುಕುರುಡನನ್ನು ನೋಡಿ, ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ಅಪ್ಪ ಅಮ್ಮನೋ ಅಂತ ಕೇಳಿದರು. ಯೇಸು ಇಬ್ಬರೂ ಅಲ್ಲ ಅಂದ. ನೆಲಕ್ಕೆ ಉಗುಳಿ, ಕೆಸರು ಮಾಡಿ, ಆ ಮನುಷ್ಯನ ಕಣ್ಣಿಗೆ ಹಚ್ಚಿದ. ತಪ್ಪು ಯಾರದು ಎಂಬ ಚರ್ಚೆಯನ್ನು ಅಲ್ಲಿಗೇ ಬಿಟ್ಟು ಕೈಗೆ ಕೆಸರು ಮಾಡಿಕೊಂಡ. ನೋವಿನ ಬಗ್ಗೆ ಪ್ರಸಂಗ ಮಾಡುವವರು ಈ ಅಧ್ಯಾಯವನ್ನು ಇನ್ನೂ ಜಾಸ್ತಿ ಓದಬೇಕು ಅಂತ ನನಗೆ ಅನಿಸುತ್ತದೆ.

ಕಾವಲು ಕೂತ ರಾತ್ರಿಗಳು

ವೆಲ್ಲೂರಿನಲ್ಲಿ ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ಮೊದಲು ಮಾಡಿದ ಕೆಲಸ ಲೆಕ್ಕ ಇಡುವುದು. ಪ್ರತಿ ರೋಗಿಯ ಕೈ ಕಾಲಿನಲ್ಲಿ ಎಲ್ಲಿ ಸ್ಪರ್ಶ ತಿಳಿಯುತ್ತದೆ, ಎಲ್ಲಿ ತಿಳಿಯುವುದಿಲ್ಲ, ಯಾವ ಸ್ನಾಯು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಎಲ್ಲವನ್ನೂ ಬರೆದುಕೊಂಡರು. ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ಆಶ್ಚರ್ಯವಾಗುವಷ್ಟು ಹೋಲಿಕೆ ಇತ್ತು. ಸುಮ್ನೆ ಎಲ್ಲೆಂದರಲ್ಲಿ ಹಬ್ಬುವ ಕೊಳೆತವಾಗಿದ್ದರೆ ಹಾಗಿರುತ್ತಿರಲಿಲ್ಲ. ಕುಷ್ಠದಿಂದ ಸತ್ತವರೊಬ್ಬರ ದೇಹವನ್ನು ಪರೀಕ್ಷೆ ಮಾಡುವ ಅವಕಾಶ ಸಿಕ್ಕಾಗ ರಾತ್ರಿಯಿಡೀ ಕೂತು ನರಗಳನ್ನು ಬಿಡಿಸಿ ನೋಡಿದರು. ಮೊಣಕೈ, ಮಣಿಕಟ್ಟು, ಮೊಣಕಾಲು, ಕಾಲಿನ ಗಂಟು, ಹೀಗೆ ನರ ಚರ್ಮಕ್ಕೆ ಹತ್ತಿರ ಬರುವ ಕಡೆಯಲ್ಲೆಲ್ಲ ಊದಿಕೊಂಡಿತ್ತು. ರೋಗಾಣುವಿಗೆ ದೇಹದ ತಂಪು ಜಾಗಗಳು ಇಷ್ಟ. ಅಲ್ಲಿನ ನರ ಊದಿ, ಸತ್ತು, ಅದರ ಕೆಳಗಿನ ಭಾಗ ಮರಗಟ್ಟುತ್ತದೆ. ಮಾಂಸಕ್ಕೆ ಏನೂ ಆಗಿರುವುದಿಲ್ಲ.

ಹಾಗಾದರೆ ಗಾಯ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದೇ ದಿನದಲ್ಲಿ ಅಲ್ಲ.

ಒಂದು ದಿನ ಕೋಣೆಯ ತುಕ್ಕು ಹಿಡಿದ ಬೀಗ ಬ್ರ್ಯಾಂಡ್ ಎಷ್ಟು ತಿರುಗಿಸಿದರೂ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಪುಟ್ಟ ಹುಡುಗ, ಅವನೂ ರೋಗಿಯೇ, ಕೊಡಿ ಡಾಕ್ಟರೇ ಅಂತ ಕೀಲಿ ತಗೊಂಡು ಒಂದೇ ಸಲಕ್ಕೆ ತಿರುಗಿಸಿಬಿಟ್ಟ. ಇಷ್ಟು ಸಣ್ಣ ಹುಡುಗನಿಗೆ ಎಲ್ಲಿಂದ ಬಂತು ಇಷ್ಟು ಶಕ್ತಿ ಅಂತ ನೋಡಿದರೆ ನೆಲದ ಮೇಲೆ ರಕ್ತದ ಹನಿ. ಕೀಲಿ ಅವನ ಬೆರಳನ್ನು ಮೂಳೆಯವರೆಗೆ ಕೊಯ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ನಮಗಾದರೆ ಚರ್ಮ ಒತ್ತಿದ ಕೂಡಲೇ ನೋವು ಸಾಕು ಅನ್ನುತ್ತದೆ, ನಾವು ಕೈ ಬಿಡುತ್ತೇವೆ. ಅವನಿಗೆ ಸಾಕು ಅನ್ನುವವರು ಯಾರೂ ಇರಲಿಲ್ಲ.

ಆಮೇಲೆ ಎಲ್ಲ ಕಡೆ ಕಾಣತೊಡಗಿತು. ಕೆಂಡಕ್ಕೆ ಬಿದ್ದ ಗೆಣಸನ್ನು ಕೈ ಹಾಕಿ ತೆಗೆದುಕೊಡುವವರು. ಸುಡುವ ಲೋಟವನ್ನು ಹಾಗೇ ಹಿಡಿದುಕೊಳ್ಳುವವರು. ಸುತ್ತಿಗೆಯ ಹಿಡಿಯಲ್ಲಿ ಎದ್ದ ಸಿಬರು ಅಂಗೈಗೆ ಚುಚ್ಚುತ್ತಿದ್ದರೂ ಇಡೀ ದಿನ ಬಡಿಯುವವರು. ಪಾದದಲ್ಲಿ ಮೊಳೆ ಹೊಕ್ಕಿದ್ದರೂ ನಡೆಯುವವರು. ಪ್ರತಿ ಗಾಯಕ್ಕೂ ಒಂದು ಕಾರಣ ಹುಡುಕಬೇಕು ಅಂತ ನಿಯಮ ಮಾಡಿಕೊಂಡರು. ಸಂಜೆ ಕೈ ಕಾಲು ಪರೀಕ್ಷೆ, ಗಾಯ ಸಿಕ್ಕರೆ ವಿಚಾರಣೆ. ಹುಡುಗರೂ ಪತ್ತೇದಾರರಾದರು.

ಇಷ್ಟಾದರೂ ಒಂದು ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ರಾತ್ರಿ ಮಲಗುವಾಗ ಸರಿಯಾಗಿದ್ದ ಬೆರಳಿನ ತುದಿ ಬೆಳಗ್ಗೆ ಇರುತ್ತಿರಲಿಲ್ಲ. ಹಾಸಿಗೆಯಲ್ಲಿ ಬಿದ್ದೂ ಇರುತ್ತಿರಲಿಲ್ಲ. ನೋಡಿ, ಹಳೆಯ ನಂಬಿಕೆಯೇ ಸರಿ, ಬೆರಳು ತಾನಾಗಿಯೇ ಹೋಗುತ್ತದೆ ಅನ್ನಲು ಇಷ್ಟು ಸಾಕಿತ್ತು. ಇವರು ಹಾಗೆ ಅನ್ನಲಿಲ್ಲ. ರಾತ್ರಿ ಕಾವಲು ಕೂರಿಸಿದರು. ಮಧ್ಯರಾತ್ರಿ ಇಲಿ ಬಂತು. ಮಲಗಿದವನ ಬೆರಳನ್ನು ಮೂಸಿತು, ಕಡಿಯಲು ಶುರುಮಾಡಿತು. ಅವನು ಏಳಲೇ ಇಲ್ಲ.

ಎಷ್ಟು ಶತಮಾನ ಪಾಪದ ಫಲ, ದೇವರ ಶಾಪ, ರೋಗದ ಸ್ವಭಾವ ಅಂದದ್ದರಲ್ಲಿ ಒಂದು ಪಾಲು ಇಲಿಯದು. ಇದನ್ನು ಮೊದಲ ಸಲ ತಿಳಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಎಷ್ಟು ಸಣ್ಣ ಕಾರಣ! ಪರಿಹಾರವೂ ಅಷ್ಟೇ ಸಣ್ಣದು. ಬೆಕ್ಕು ಸಾಕಿದರು. ಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರು ಜೊತೆಗೆ ಒಂದು ಬೆಕ್ಕನ್ನು ಕರೆದುಕೊಂಡೇ ಹೋಗಬೇಕು ಅಂತ ಆಯಿತು.

ಕಣ್ಣಿನ ಕಥೆಯೂ ಹೀಗೇ. ಕುಷ್ಠ ಬಂದವರು ಕುರುಡಾಗುತ್ತಿದ್ದದ್ದಕ್ಕೆ ಒಂದು ಕಾರಣ, ಕಣ್ಣು ಮಿಟುಕಿಸದೇ ಇರುವುದು. ಕಣ್ಣು ಒಣಗಿದಾಗ ನಮಗೆ ಆಗುವ ಸಣ್ಣ ಉರಿ ಅವರಿಗೆ ಆಗುವುದಿಲ್ಲ, ಆದ್ದರಿಂದ ರೆಪ್ಪೆ ಬಡಿಯುವುದಿಲ್ಲ. ಕೆಲವರಲ್ಲಿ ರೆಪ್ಪೆ ಮುಚ್ಚುವ ನರವೇ ಸತ್ತಿರುತ್ತದೆ. ಬ್ರ್ಯಾಂಡ್ ಅವರ ಹೆಂಡತಿ ಮಾರ್ಗರೆಟ್ ಕಣ್ಣಿನ ಡಾಕ್ಟರು. ಅಗಿಯಲು ಬಳಸುವ ಸ್ನಾಯುವಿನ ಒಂದು ಭಾಗವನ್ನು ರೆಪ್ಪೆಗೆ ಜೋಡಿಸುವ ಆಪರೇಷನ್ ಅವರು ಮಾಡುತ್ತಿದ್ದರು. ಆಮೇಲೆ ರೋಗಿ ಏನನ್ನಾದರೂ ಅಗಿದರೆ ಕಣ್ಣು ಮುಚ್ಚಿ ತೆರೆಯುತ್ತದೆ.

ಕೈ ಸರಿಯಾಯಿತು, ಹೊಟ್ಟೆಪಾಡು ಕೆಟ್ಟಿತು

ಕೈಯ ಆಪರೇಷನ್ ಶುರುವಾದದ್ದು 1948ರಲ್ಲಿ. ಅದರ ಹಿಂದಿನ ಲೆಕ್ಕ ಸರಳ. ಸೈಕಲ್ಲಿನ ಬ್ರೇಕ್ ಹಿಡಿ ಒತ್ತಿದರೆ ಕೇಬಲ್ ಎಳೆದು ಚಕ್ರ ನಿಲ್ಲಿಸುವಂತೆ, ನಮ್ಮ ಬೆರಳನ್ನು ಆಡಿಸುವ ಎಷ್ಟೋ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅಲ್ಲಿಂದ ಟೆಂಡನ್ ಎಂಬ ಗಟ್ಟಿ ಹುರಿ ಬೆರಳಿಗೆ ಬರುತ್ತದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸತ್ತಿದ್ದವು. ಮುಂಗೈಯವು ಚೆನ್ನಾಗಿದ್ದವು. ಅಲ್ಲಿನ ಒಂದು ಒಳ್ಳೆಯ ಟೆಂಡನ್ನನ್ನು ಬಿಡಿಸಿ ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚಿದರೆ ಬೆರಳು ಮತ್ತೆ ಬಿಚ್ಚಿಕೊಳ್ಳುತ್ತದೆ. ಪೋಲಿಯೋ ಬಂದವರಿಗೆ, ಯುದ್ಧದಲ್ಲಿ ಗಾಯಗೊಂಡವರಿಗೆ ಇಂಥ ಆಪರೇಷನ್ ಮೊದಲೇ ಇತ್ತು. ಕುಷ್ಠ ಬಂದವರಿಗೆ ಮಾಡಿ ನೋಡುವ ಯೋಚನೆ ಬಂದಿರಲಿಲ್ಲ, ಗಾಯ ಮಾಯುವುದೇ ಇಲ್ಲ ಅಂದುಕೊಂಡಿದ್ದರಲ್ಲ. ಗಾಯ ಮಾಯಿತು. ಎಲ್ಲರ ಗಾಯದಂತೆಯೇ ಮಾಯಿತು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಹೊಸ ದಾರಿಯಲ್ಲಿ ಬೆರಳನ್ನು ಆಡಿಸಲು ಮಿದುಳಿಗೆ ಕಲಿಸುವುದು.

ಅನ್ನವನ್ನು ಕೈಯಲ್ಲಿ ಕಲಸಿ ಉಣ್ಣುವ ನಮ್ಮ ಕಡೆಯ ಜನಕ್ಕೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆಪರೇಷನ್ ಆದ ಕೆಲವರು ವಾಪಸ್ ಬಂದು ಡಾಕ್ಟರ ಹತ್ತಿರ ಬೇಸರ ತೋಡಿಕೊಂಡರು. ಈ ಕೈ ಭಿಕ್ಷೆಗೆ ಆಗಿಬರುವುದಿಲ್ಲ ಸ್ವಾಮಿ. ಮೊದಲು ಸೊಟ್ಟ ಕೈ ಕಂಡು ಜನ ಕಾಸು ಹಾಕುತ್ತಿದ್ದರು, ಈಗ ಹಾಕುವುದಿಲ್ಲ. ಕುಷ್ಠ ಬಂದವನು ಅಂತ ಕೆಲಸವನ್ನೂ ಕೊಡುವುದಿಲ್ಲ, ಬಾಡಿಗೆಗೆ ಮನೆಯನ್ನೂ ಕೊಡುವುದಿಲ್ಲ. ಈ ಮಾತನ್ನು ಬ್ರ್ಯಾಂಡ್ ಹಗುರವಾಗಿ ತಗೊಳ್ಳಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ. ಎಷ್ಟೋ ಸಮಾಜಸೇವೆ ಇಲ್ಲಿಗೆ ನಿಂತುಬಿಡುತ್ತದೆ. ನಾವು ಕೊಟ್ಟಾಯಿತು, ಇನ್ನು ಇವರು ಕೃತಜ್ಞರಾಗಿರಬೇಕು, ದೂರು ಹೇಳುತ್ತಾರಲ್ಲ ಅನ್ನುವ ಮನೋಭಾವ. ಇವರು ಮಾತ್ರ ಕಾಲೇಜಿನ ಆವರಣದ ಒಂದು ಬದಿಯಲ್ಲಿ ಮಣ್ಣಿನ ಗುಡಿಸಲು ಹಾಕಿಸಿ, ಹೊಸ ಬದುಕಿನ ಕೇಂದ್ರ ಅಂತ ಶುರುಮಾಡಿದರು. ಮರಗೆಲಸ, ಆಟಿಕೆ ಮಾಡುವುದು ಕಲಿಸಿದರು. ಹರೆಯದಲ್ಲಿ ಕಲಿತ ಬಡಗಿಕೆ ಇಲ್ಲಿ ಉಪಯೋಗಕ್ಕೆ ಬಂತು. ಯಾವ ಉಪಕರಣಕ್ಕೆ ಎಂಥ ಹಿಡಿ ಇದ್ದರೆ ಮರಗಟ್ಟಿದ ಕೈಗೆ ಗಾಯವಾಗುವುದಿಲ್ಲ ಅಂತ ಕಂಡುಹಿಡಿದದ್ದೂ ಅಲ್ಲೇ.

ಪಾದಕ್ಕೆ ಚಪ್ಪಲಿ. ಇದು ಕೇಳಲು ಚಿಕ್ಕದು, ಆದರೆ ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಹೆಚ್ಚು ಜನಕ್ಕೆ ತಲುಪಿದ್ದು ಇದೇ. ಅಂಗಾಲಿನ ಹುಣ್ಣಿಗೆ ಕಾರಣ ಒಂದೇ ಜಾಗದ ಮೇಲೆ ಬೀಳುವ ಒತ್ತಡ. ನಮಗೆ ಕಾಲು ನೋಯುತ್ತದೆ, ಗೊತ್ತಿಲ್ಲದೆಯೇ ಭಾರವನ್ನು ಆ ಕಡೆ ಈ ಕಡೆ ಹಾಕುತ್ತೇವೆ. ಅವರು ಹಾಕುವುದಿಲ್ಲ. 1955ರಲ್ಲಿ ವೆಲ್ಲೂರಿನ ಹತ್ತಿರ ಕರಿಗಿರಿಯಲ್ಲಿ ಕುಷ್ಠರೋಗ ಸಂಶೋಧನಾ ಆಸ್ಪತ್ರೆ ಶುರುವಾಯಿತು. ಒತ್ತಡವನ್ನು ಹಂಚುವ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಈ ಕೆಲಸದಿಂದ ಬಂದದ್ದು. ಇವತ್ತು ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬರೆದುಕೊಡುವ ಎಂಸಿಆರ್ ಚಪ್ಪಲಿ ಇದೆಯಲ್ಲ, ಅದೇ. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಎಂಬ ಊರಿನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರ ತೊಂದರೆಯೂ ಇದೇ, ಪಾದಕ್ಕೆ ನೋವು ತಿಳಿಯದೇ ಇರುವುದೇ ಅಂತ ಅಲ್ಲಿ ತೋರಿಸಿಕೊಟ್ಟರು. ಊರು ದೂರ ಇಟ್ಟ ಜನರ ಪಾದ ನೋಡಿ ಕಲಿತದ್ದು ಇವತ್ತು ಊರಿನ ಎಲ್ಲರ ಅಪ್ಪ ಅಮ್ಮಂದಿರ ಪಾದ ಉಳಿಸುತ್ತಿದೆ.

ಮೇರಿ ವರ್ಗೀಸ್ ಹೆಸರನ್ನೂ ಇಲ್ಲಿ ಹೇಳಬೇಕು. ವೆಲ್ಲೂರಿನಲ್ಲೇ ಓದಿದ ಕೇರಳದ ಯುವ ಡಾಕ್ಟರು. 1954ರ ಒಂದು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕೂತುಕೊಂಡೇ ಕೈಯ ಆಪರೇಷನ್ ಮಾಡಬಹುದು ಅಂತ ಬ್ರ್ಯಾಂಡ್ ಹುರಿದುಂಬಿಸಿದರು. ಗಾಲಿಕುರ್ಚಿಯಲ್ಲಿ ಕೂತು ಆಕೆ ಕುಷ್ಠ ಬಂದವರ ಕೈಗಳನ್ನು ನೆಟ್ಟಗೆ ಮಾಡಿದರು. ಮುಂದೆ ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿದವರು ಅವರೇ. 1972ರಲ್ಲಿ ಪದ್ಮಶ್ರೀ ಬಂತು.

ಕೈಗಳ ಬಗ್ಗೆ ಒಂದು ಪ್ರಸಂಗ

ಇಷ್ಟೆಲ್ಲ ಹೇಳಿದ ಮೇಲೆ, ಇದರಲ್ಲಿ ನಂಬಿಕೆಯ ಪಾತ್ರ ಏನು, ಒಳ್ಳೆಯ ವಿಜ್ಞಾನಿ ಯಾರಾದರೂ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಡಬಹುದಿತ್ತು. ನಂಬಿಕೆ ಇಲ್ಲದವರು ಇದಕ್ಕಿಂತ ದೊಡ್ಡ ಕೆಲಸ ಮಾಡಿದ್ದೂ ಇದೆ. ಆದರೆ ಈ ಪ್ರಕರಣದಲ್ಲಿ ನಂಬಿಕೆ ಎಲ್ಲಿ ಕೆಲಸ ಮಾಡಿತು ಅಂತ ಬ್ರ್ಯಾಂಡ್ ಹೇಳಿದ ಒಂದು ಸಂಜೆಯಿಂದ ತಿಳಿಯುತ್ತದೆ.

ರೋಗಿಗಳೆಲ್ಲ ಪ್ರಾರ್ಥನೆಗೆ ಸೇರಿದ್ದರು. ಏನಾದರೂ ಮಾತಾಡಿ ಅಂದರು. ಇವರು ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಎದುರಿಗೆ ಕೂತವರನ್ನು ನೋಡಿದರು. ಎಲ್ಲರೂ ಕೈಗಳನ್ನು ಬಟ್ಟೆಯೊಳಗೆ, ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದರು. ಹಾಗಾಗಿ ಯೇಸುವಿನ ಕೈಗಳ ಬಗ್ಗೆ ಮಾತಾಡಿದರು. ಮಗುವಾಗಿದ್ದಾಗ ಏನನ್ನೂ ಹಿಡಿಯಲಾರದ ಕೈ. ಬಡಗಿಯಾಗಿ ಉಳಿ ಹಿಡಿದು ಗಂಟುಗಟ್ಟಿದ ಕೈ. ರೋಗಿಗಳನ್ನು ಮುಟ್ಟಿದ ಕೈ. ಆಮೇಲೆ ಮೊಳೆ ಹೊಡೆಸಿಕೊಂಡ ಕೈ. ಕೈಯ ಸರ್ಜನ್ ಅಲ್ವಾ, ಅಲ್ಲಿ ಮೊಳೆ ಹೊಕ್ಕರೆ ಯಾವ ನರ, ಯಾವ ಟೆಂಡನ್ ಹರಿಯುತ್ತದೆ, ಬೆರಳು ಹೇಗೆ ಮಡಿಚಿಕೊಳ್ಳುತ್ತದೆ ಅಂತ ಅವರಿಗೆ ಗೊತ್ತು. ಶಿಲುಬೆಯ ಮೇಲೆ ಯೇಸುವಿನ ಕೈಯೂ ನಿಮ್ಮ ಕೈಯಂತೆಯೇ ಸೊಟ್ಟಗಾಗಿತ್ತು. ಕೊನೆಗೆ, ಸತ್ತು ಎದ್ದ ಮೇಲೂ ಆ ಕೈಗಳಲ್ಲಿ ಗಾಯದ ಗುರುತು ಉಳಿದಿತ್ತು, ಅದನ್ನು ಆತ ಮುಚ್ಚಿಡಲಿಲ್ಲ, ಸ್ನೇಹಿತರಿಗೆ ತೋರಿಸಿದ. ಆ ದಿನದ ಮಾತಿನ ಸಾರ ಇಷ್ಟು. ಮುಗಿದಾಗ ಒಬ್ಬೊಬ್ಬರಾಗಿ ಬಟ್ಟೆಯೊಳಗಿನಿಂದ ಕೈ ತೆಗೆದು ಕೈಮುಗಿದರಂತೆ, ಬೆರಳಿದ್ದವರೂ ಇಲ್ಲದವರೂ.

ದೇವರಿಗೂ ಗಾಯದ ಗುರುತಿದೆ ಅಂತ ನಂಬಿದವನಿಗೆ ಇನ್ನೊಬ್ಬರ ಗಾಯ ಅಸಹ್ಯ ಅನಿಸುವುದು ಕಷ್ಟ. ಅಸಹ್ಯ ಹೋದರೆ ಹತ್ತಿರ ಹೋಗಬಹುದು. ಹತ್ತಿರ ಹೋದರೆ ತಾನೇ ಇಲಿ ಕಾಣುವುದು?

ಒಪ್ಪಲಾಗದ ಒಂದು ಮಾತು, ಒಪ್ಪಿದ ಇನ್ನೊಂದು

ನೋವು ದೇವರ ಕೊಡುಗೆ ಅಂತ ಬ್ರ್ಯಾಂಡ್ ಜೀವನವಿಡೀ ಹೇಳಿದರು. ಅವರು ಕಂಡದ್ದನ್ನು ಕಂಡವರಿಗೆ ಹಾಗೆ ಅನಿಸುವುದು ಸಹಜ. ಒಮ್ಮೆ ಲಂಡನ್ನಿನಲ್ಲಿ ರಾತ್ರಿ ಷೂ ಬಿಚ್ಚುವಾಗ ಅವರ ಹಿಮ್ಮಡಿಗೇ ಸ್ಪರ್ಶ ತಿಳಿಯಲಿಲ್ಲ. ಸೂಜಿ ಚುಚ್ಚಿಕೊಂಡರೂ ತಿಳಿಯಲಿಲ್ಲ. ನನಗೂ ಬಂತು ಅಂತ ಇಡೀ ರಾತ್ರಿ ನರಳಿದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ಜೋರು ನೋವಾಯಿತು. ರೈಲಿನಲ್ಲಿ ಕೂತು ಕಾಲು ಜೋಮು ಹಿಡಿದಿತ್ತು ಅಷ್ಟೇ. ಆ ನೋವಿಗೆ ದೇವರಿಗೆ ಸ್ತೋತ್ರ ಹೇಳಿದರು.

ಆದರೆ ಈ ಮಾತನ್ನು ಎಲ್ಲರ ಮುಂದೆ ಹೇಳಬಾರದು ಅಂತ ನನ್ನ ಖಚಿತ ಅಭಿಪ್ರಾಯ. ಕ್ಯಾನ್ಸರ್ ಕೊನೆಯ ಹಂತದಲ್ಲಿ ಇರುವವರ ಹಾಸಿಗೆಯ ಪಕ್ಕ ನಿಂತು ನೋವು ಕೊಡುಗೆ ಅನ್ನುವುದು ಕ್ರೌರ್ಯ. ಎಚ್ಚರಿಸುವ ಕೆಲಸ ಮುಗಿದ ಮೇಲೂ ನಿಲ್ಲದ ನೋವು ಇದೆ. ಮಗು ಕಳೆದುಕೊಂಡ ತಾಯಿಯ ನೋವು ಯಾವ ಅಪಾಯದಿಂದಲೂ ಕಾಪಾಡುವುದಿಲ್ಲ. ಅಂಥ ಕಡೆ ಬೇಕಾದದ್ದು ಮಾರ್ಫಿನ್, ಪಕ್ಕದಲ್ಲಿ ಒಬ್ಬ ಮನುಷ್ಯ, ಮತ್ತು ಮೌನ.

ಒಪ್ಪಿದ್ದು ಇನ್ನೊಂದು. ಕಾರ್ವಿಲ್‌ನಲ್ಲಿ ಬ್ರ್ಯಾಂಡ್ ಅವರ ತಂಡ ಕೃತಕ ನೋವು ತಯಾರಿಸಲು ಹೊರಟಿತು. ಒತ್ತಡ ಜಾಸ್ತಿಯಾದರೆ ಎಚ್ಚರಿಕೆ ಕೊಡುವ ಕೈಗವಸು. ಮೊದಲು ಶಬ್ದದ ಎಚ್ಚರಿಕೆ ಇಟ್ಟರು. ರೋಗಿಗಳು ಕೇಳಿಸಿಕೊಂಡೂ ಕೆಲಸ ಮುಂದುವರಿಸಿದರು. ನೋವು ತಿಳಿಯುವ ಕಂಕುಳಿಗೆ ಸಣ್ಣ ವಿದ್ಯುತ್ ಶಾಕ್ ಕೊಡುವಂತೆ ಮಾಡಿದರು. ಕೆಲಸಕ್ಕೆ ಅಡ್ಡಿಯಾದಾಗ ಅದನ್ನು ಆರಿಸಿ, ಕೆಲಸ ಮುಗಿಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ನಂತರ ಯೋಜನೆ ಕೈಬಿಟ್ಟರು. ಆರಿಸಲು ಬರುವ ನೋವನ್ನು ಮನುಷ್ಯ ಆರಿಸಿಯೇ ಆರಿಸುತ್ತಾನೆ.

ಲೋಕದ ನೋವಿನ ಜೊತೆ ನಮ್ಮ ಸಂಬಂಧ ಈಗ ಹೆಚ್ಚುಕಮ್ಮಿ ಹೀಗೇ ಆಗಿದೆ. ಗಾಜಾ, ಸುಡಾನ್, ಮಣಿಪುರ ಎಲ್ಲ ಮೊಬೈಲಿಗೆ ಬರುತ್ತದೆ. ಒಂದು ಕ್ಷಣ ಚುರುಕ್ ಅನ್ನುತ್ತದೆ. ಬೆರಳಲ್ಲಿ ಮೇಲಕ್ಕೆ ಸರಿಸಿದರೆ ಮುಗಿಯಿತು. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳೂ ಜೊತೆಗೆ ನೋಯುತ್ತವೆ ಅಂತ ಪೌಲನು ಕೊರಿಂಥದ ಸಭೆಗೆ ಬರೆದ. ನಮ್ಮ ಸಭೆಗಳಲ್ಲಿ ಈ ವಾಕ್ಯವನ್ನು ಒಗ್ಗಟ್ಟಿನ ಬಗ್ಗೆ ಹೇಳುವಾಗ ಮಾತ್ರ ಓದುತ್ತಾರೆ. ವೆಲ್ಲೂರಿನ ಕಥೆ ಗೊತ್ತಿದ್ದವರು ಅದನ್ನು ಎಚ್ಚರಿಕೆಯಾಗಿಯೂ ಓದಬಹುದು. ಪಾದದ ಸುದ್ದಿ ತಲೆಗೆ ತಲುಪದ ದೇಹ ತನ್ನ ಪಾದವನ್ನು ತಾನೇ ತುಳಿದು ಹಾಳುಮಾಡುತ್ತದೆ, ದ್ವೇಷದಿಂದಲ್ಲ, ತಿಳಿಯದೇ. ಎಲ್ಲವನ್ನೂ ಹೊರಲು ಒಬ್ಬರಿಂದ ಆಗುವುದಿಲ್ಲ, ನಿಜ. ಬ್ರ್ಯಾಂಡ್ ಕೂಡ ಒಂದೇ ಕಾಯಿಲೆಯ, ಒಂದೇ ಅಂಗದಿಂದ ಶುರುಮಾಡಿದರು. ಆದರೆ ಆ ಒಂದನ್ನು ಸರಿಸಿಬಿಡಲಿಲ್ಲ.

ಈಗ ಏನಾಗಿದೆ

ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು. ಕುಷ್ಠಕ್ಕೆ 1980ರ ದಶಕದಿಂದ ಹಲವು ಔಷಧಿ ಸೇರಿಸಿ ಕೊಡುವ ಎಂಡಿಟಿ ಚಿಕಿತ್ಸೆ ಇದೆ. ಆರು ತಿಂಗಳು ಅಥವಾ ಒಂದು ವರ್ಷ ತಗೊಂಡರೆ ಪೂರ್ತಿ ವಾಸಿ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕುಷ್ಠವನ್ನು ತೊಲಗಿಸಿದ್ದೇವೆ ಅಂತ ನಮ್ಮ ದೇಶ 2005ರ ಕೊನೆಗೆ ಹೇಳಿಕೊಂಡಿತು. ಆದರೂ ಲೋಕದ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಭಾರತದವೇ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳಬಹುದು ಎಂಬ ಕಾನೂನು 2019ರವರೆಗೂ ಇತ್ತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವವರಿಗೆ ಸುಮನಹಳ್ಳಿ ಅಂದರೆ ಒಂದು ಸ್ಟಾಪು, ಒಂದು ಸೇತುವೆ. ಆ ಹೆಸರು ಬಂದದ್ದು ಕುಷ್ಠ ಬಂದವರಿಗಾಗಿ ಕ್ರೈಸ್ತರು ನಡೆಸುವ ಪುನರ್ವಸತಿ ಕೇಂದ್ರದಿಂದ.

ಜನವರಿಯ ಕೊನೆಯ ಭಾನುವಾರ ಎಷ್ಟೋ ಚರ್ಚುಗಳಲ್ಲಿ ಕುಷ್ಠರೋಗಿಗಳಿಗಾಗಿ ಪ್ರಾರ್ಥನೆ ಇರುತ್ತದೆ, ಕಾಣಿಕೆ ಎತ್ತುತ್ತಾರೆ. ಅವತ್ತು ಐದು ನಿಮಿಷ ಈ ವಿಷಯವನ್ನೂ ಹೇಳಬೇಕು ಅಂತ ನನ್ನ ಆಸೆ. ಮೈಮೇಲೆ ಬಣ್ಣ ಕಳೆದುಕೊಂಡ ಅಥವಾ ಕೆಂಪಗಿನ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ, ತುರಿಕೆ ಇಲ್ಲ, ಉರಿ ಇಲ್ಲ, ನೋವಿಲ್ಲ ಅಂತ ಸುಮ್ನಿರಬೇಡಿ. ನೋವಿಲ್ಲ ಅಂತಲೇ ಜನ ವರ್ಷಗಟ್ಟಲೆ ತೋರಿಸುವುದಿಲ್ಲ, ಅಷ್ಟರಲ್ಲಿ ನರ ಹೋಗಿರುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು, ಕರೆದುಕೊಂಡು ಹೋಗುತ್ತಾರೆ. ಮೊದಲೇ ಕೈ ಕಾಲು ಮರಗಟ್ಟಿದವರು, ಸಕ್ಕರೆ ಕಾಯಿಲೆಯವರೂ ಅಷ್ಟೇ, ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ಕನ್ನಡಿ ಹಿಡಿದು ನೋಡಬಹುದು, ಇಲ್ಲವೇ ಮನೆಯಲ್ಲಿ ಯಾರಾದರೂ ನೋಡಿ ಹೇಳಬಹುದು.